ಎಲೆಮೀನಿಗೆ ಉಣಿಸುವುದು: ನನ್ನ ಅನುಭವ

ಸಮುದ್ರದ ಎಲೆಮೀನು, ಅಂದರೆ ಲೀಫ್‌ಫಿಶ್ (ಟೇನಿಯಾನೋಟಸ್ ಟ್ರಯಕ್ಯಾಂಥಸ್), ಹೆಚ್ಚೆಂದರೆ 10 ಸೆಂ.ಮೀ. ಬೆಳೆಯುತ್ತದೆ, ತಿರುಗಾಡುವುದೂ ಕಡಿಮೆ. ಹಾಗಾಗಿ 100 ಲೀಟರಿನ ತೊಟ್ಟಿ ಸಾಕು. ಬೆಳಗಾವಿಯ ನಲ್ಲಿಯಲ್ಲಿ ರಕ್ಕಸಕೊಪ್ಪದ ನೀರೇ ಬರಲಿ, ಮನೆಯ ಬೋರ್ ನೀರೇ ಇರಲಿ, ಆರ್‌ಓ ಮಾಡದೆ ಹಾಕುವುದಿಲ್ಲ. ಲೀಟರಿಗೆ ಸುಮಾರು 36 ಗ್ರಾಂ ಮರೀನ್ ಸಾಲ್ಟ್ ಕಲಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತರುತ್ತೇನೆ. ಉಷ್ಣತೆ 25 ಡಿಗ್ರಿ. ಏಪ್ರಿಲ್‌-ಮೇನಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟು ಸಾದಾ ಆರ್‌ಓ ನೀರನ್ನೇ ತುಂಬಬೇಕು. ವಿಜಯಪುರದ ಬಿಸಿಲಿಗೆ ಫ್ಯಾನ್ ಸಾಲದು, ನೀರನ್ನು ತಣಿಸುವ ಚಿಲ್ಲರ್ ಯಂತ್ರ ಬೇಕು.

ನಿಜವಾದ ಕೆಲಸ ಉಣಿಸುವುದು. ಈ ಮೀನು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಕಲ್ಲಿನ ಮೇಲೆ ಕೂತು, ಅಲೆಗೆ ಸಿಕ್ಕ ಒಣ ಎಲೆಯ ಹಾಗೆ ಆಚೀಚೆ ತೂಗುತ್ತ, ಬಾಯಿಯ ಹತ್ತಿರ ಬಂದದ್ದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಅಲುಗದ ವಸ್ತು ಅದರ ಲೆಕ್ಕದಲ್ಲಿ ಆಹಾರವೇ ಅಲ್ಲ. ಮೊದಲಿಗೆ ಜೀವಂತ ಸಣ್ಣ ಸಿಗಡಿಯನ್ನೇ ಕೊಡುತ್ತೇನೆ. ಕೊಡುವ ಮುಂಚೆ ಸಿಗಡಿಗೂ ಹೊಟ್ಟೆತುಂಬ ಒಳ್ಳೆಯ ಫೀಡ್ ಹಾಕಿರಬೇಕು, ಇಲ್ಲವಾದರೆ ಮೀನಿಗೆ ದಕ್ಕುವುದು ಬರೀ ಸಿಪ್ಪೆ. ಅಗ್ಗಕ್ಕೆ ಸಿಗುತ್ತದೆಂದು ಗಪ್ಪಿಗಳನ್ನೇ ತಿನ್ನಿಸುತ್ತ ಹೋದರೆ ಯಕೃತ್ತಿನಲ್ಲಿ ಕೊಬ್ಬು ಕೂಡುತ್ತದೆ.

ರೂಢಿಯಾದ ಮೇಲೆ ಫ್ರೋಜನ್ ಸಿಗಡಿಯನ್ನು ಕರಗಿಸಿ, ಸಣ್ಣ ತುಂಡನ್ನು ತೆಳುವಾದ ಪಾರದರ್ಶಕ ಕಡ್ಡಿಯ ತುದಿಗೆ ಸಿಕ್ಕಿಸಿ, ಮೂತಿಯ ಮುಂದೆ ನಿಧಾನಕ್ಕೆ ಅಲುಗಿಸುತ್ತೇನೆ. ಮುಖಕ್ಕೇ ತುರುಕಿದರೆ ಹಿಂದೆ ಸರಿಯುತ್ತದೆ. ಪಕ್ಕದಿಂದ ಹಾಯ್ದುಹೋಗುವಂತೆ ತರಬೇಕು. ಆ ಹೊತ್ತಿಗೆ ಪಂಪ್ ಬಂದ್. ದಿನ ಬಿಟ್ಟು ದಿನ ಉಣಿಸಿದರೆ ಸಾಕು. ಉಳಿದ ತುಂಡನ್ನು ಕೂಡಲೇ ತೆಗೆಯದಿದ್ದರೆ ಅಮೋನಿಯಾ ಏರುತ್ತದೆ. ಜೊತೆಗೆ ಚುರುಕು ಮೀನುಗಳು ಬೇಡ, ತುತ್ತನ್ನೆಲ್ಲ ಅವೇ ಕಸಿಯುತ್ತವೆ. ಬಾಯಿಯಲ್ಲಿ ಹಿಡಿಯುವಷ್ಟು ಸಣ್ಣ ಸಿಗಡಿ, ಗೋಬಿ ಎಂಬ ಪುಟ್ಟ ಮೀನುಗಳನ್ನು ತೊಟ್ಟಿಗೆ ಹಾಕಿದರೆ ಅವು ಇದರ ಊಟ.

ಎರಡು ವಾರಕ್ಕೊಮ್ಮೆಯಂತೆ ಇದು ಮೇಲ್ಪೊರೆ ಕಳಚುತ್ತದೆ. ಅದಕ್ಕೂ ಮುಂಚೆ ಬಣ್ಣ ಮಂಕಾಗುತ್ತದೆ, ಊಟ ಬೇಡವಾಗುತ್ತದೆ. ರೋಗವೆಂದು ತಿಳಿದು ತಾಮ್ರದ ಔಷಧಿ ಸುರಿಯುವ ಮಂದಿ ಇದ್ದಾರೆ. ಸುಮ್ಮನಿದ್ದರೆ ಪೊರೆ ತಾನಾಗಿ ಬಿಡುತ್ತದೆ.

ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ, ಬಲೆಗೂ ಅವು ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಬಲೆ ಬಿಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಸಮೇತ ಹಿಡಿಯುತ್ತೇನೆ. ಚುಚ್ಚಿದರೆ ಗಾಯವನ್ನು 45 ಡಿಗ್ರಿ ಮೀರದ ಬಿಸಿನೀರಿನಲ್ಲಿ ಅರ್ಧ ಗಂಟೆಯಾದರೂ ಅದ್ದಿಟ್ಟು, ಡಾಕ್ಟರಿಗೆ ತೋರಿಸಬೇಕು.