‘ಐ ಆಮ್ ಫೈನ್’ ಅಂದೆ, ಟೀ ಬರಲಿಲ್ಲ

ವಿಮಾನದಲ್ಲಿ ಗಗನಸಖಿ ಗಾಡಿ ತಳ್ಳಿಕೊಂಡು ಬಂದು ‘ಟೀ?’ ಎಂದು ಕೇಳಿದರು. ಪಕ್ಕದ ಸೀಟಿನವರು ‘ಐ ಆಮ್ ಫೈನ್’ ಅಂದರು. ಟೀ ಬೇಕಾ ಅಂದರೆ ಈ ಮನುಷ್ಯ ಆರೋಗ್ಯದ ವಿಚಾರ ಯಾಕೆ ಹೇಳ್ತಿದ್ದಾರೆ ಅನ್ನಿಸಿತು. ಇರಲಿ, ಮರ್ಯಾದೆಯ ಮಾತಿರಬೇಕು ಅಂದುಕೊಂಡು ನಾನೂ ‘ಐ ಆಮ್ ಫೈನ್’ ಅಂದೆ. ಗಗನಸಖಿ ನಕ್ಕು ಮುಂದೆ ಹೋದರು. ಟೀ ಬರಲಿಲ್ಲ.

‘ಹೌ ಆರ್ ಯೂ?’ ಅಂದರೆ ‘ಫೈನ್, ಥ್ಯಾಂಕ್ಯೂ’ ಎಂದು ಶಾಲೆಯಲ್ಲಿ ಉರು ಹೊಡೆದವರಿಗೆಲ್ಲ ಈ ಪದ ಗೊತ್ತು. ಆದರೆ ಗೊತ್ತಿರುವುದು ಅದರ ಒಂದು ಮುಖ ಮಾತ್ರ. ಉಳಿದವನ್ನು ಗುರುತು ಹಿಡಿಯುವುದು ಹೇಗೆ?

ಮೊದಲು, ಫೈನ್ ಆಗಿರುವುದು ಯಾರು ಅಥವಾ ಯಾವುದು ಎಂದು ನೋಡಿ. ಏನಾದರೂ ಬೇಕಾ ಎಂದು ಕೇಳಿದಾಗ ‘ಐ ಆಮ್ ಫೈನ್’ ಅಂದರೆ ‘ನನಗೇನೂ ಬೇಡ, ಸಾಕು’ ಎಂದು ಅರ್ಥ. ‘ಟೀ ಈಸ್ ಫೈನ್’ ಅಂದರೆ ‘ಟೀ ಆಗಬಹುದು, ಕೊಡಿ’. ಒಂದರಲ್ಲಿ ನಾನು ಫೈನ್, ಇನ್ನೊಂದರಲ್ಲಿ ಟೀ ಫೈನ್. ಇಷ್ಟು ಗೊತ್ತಿದ್ದಿದ್ದರೆ ಅವತ್ತು ಬಾಯಿ ಒಣಗಿಸಿಕೊಂಡು ಕೂರಬೇಕಿರಲಿಲ್ಲ.

ಎರಡನೆಯದಾಗಿ, ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ನೋಡಿ. ಇದಕ್ಕೆ ಕ್ರಿಕೆಟ್ ಕಾಮೆಂಟರಿಗಿಂತ ಒಳ್ಳೆಯ ಪಾಠ ಇಲ್ಲ. ಬ್ಯಾಟ್ಸ್‌ಮನ್ ಹೆಲ್ಮೆಟ್ಟಿಗೆ ಚೆಂಡು ಬಡಿಯುತ್ತದೆ. ಫಿಸಿಯೋ ಓಡಿ ಬಂದು, ಕಣ್ಣು ನೋಡಿ, ನೀರು ಕುಡಿಸಿ ಹೋಗುತ್ತಾರೆ. ‘ಹಿ ಈಸ್ ಫೈನ್’ ಎನ್ನುತ್ತಾರೆ ಕಾಮೆಂಟರಿಯವರು. ಏನೂ ತೊಂದರೆ ಇಲ್ಲ, ಅಷ್ಟೇ. ಅದೇ ಬ್ಯಾಟ್ಸ್‌ಮನ್ ತೊಂಬತ್ತು ಹೊಡೆದು ಔಟಾದರೆ ‘ಎ ಫೈನ್ ಇನ್ನಿಂಗ್ಸ್’. ಇದು ಗಟ್ಟಿ ಹೊಗಳಿಕೆ. ನಾಮಪದದ ಮುಂದೆ ಕೂತರೆ ಸಾಮಾನ್ಯವಾಗಿ ತೂಕ ಜಾಸ್ತಿ. ‘ಎ ಫೈನ್ ಟೀಚರ್’ ಅಂದರೆ ಬಹಳ ಒಳ್ಳೆಯ ಮೇಷ್ಟ್ರು. ‘ದ ಟೀಚರ್ ಈಸ್ ಫೈನ್’ ಅಂದರೆ ಮೇಷ್ಟ್ರು ಆರಾಮಾಗಿದ್ದಾರೆ, ಇಲ್ಲವೇ ‘ಪರವಾಗಿಲ್ಲ, ನಡೆಯುತ್ತೆ’.

ಮೈದಾನದಲ್ಲಿ ಇನ್ನೊಂದು ಫೈನ್ ಇದೆ. ಫೈನ್ ಲೆಗ್. ಎರಡೂ ಕಡೆಯ ವಿಕೆಟ್ಟುಗಳನ್ನು ಸೇರಿಸಿ ಒಂದು ಗೆರೆ ಎಳೆಯಿರಿ, ಅದನ್ನು ಬ್ಯಾಟ್ಸ್‌ಮನ್ ಬೆನ್ನ ಹಿಂದೆ ಬೌಂಡರಿವರೆಗೂ ಚಾಚಿ. ಆ ಗೆರೆಗೆ ಹತ್ತಿರ ನಿಂತವನು ಫೈನ್. ಅದಕ್ಕೆ ಅಡ್ಡಲಾಗಿ, ಕ್ರೀಸಿನ ನೇರಕ್ಕೆ ನಿಂತವನು ಸ್ಕ್ವೇರ್. ಇಲ್ಲಿ ಹೊಗಳಿಕೆಯೂ ಇಲ್ಲ, ಆರೋಗ್ಯವೂ ಇಲ್ಲ. ಗೆರೆಗೂ ಫೀಲ್ಡರಿಗೂ ನಡುವಿನ ಕೋನ ಸಣ್ಣದು, ಅಷ್ಟೇ. ಇನ್ನು ಓವರುಗಳನ್ನು ನಿಧಾನ ಮಾಡಿದ್ದಕ್ಕೆ ಪಂದ್ಯದ ಸಂಭಾವನೆಯಲ್ಲಿ ಕತ್ತರಿಸುವ ದುಡ್ಡೂ ಫೈನೇ. ಆದರೆ ಅದು ದಂಡ, ಗುಣವಾಚಕ ಅಲ್ಲ.

ದಂಡಕ್ಕೂ ಹೊಗಳಿಕೆಗೂ ಏನು ನಂಟು? ಎರಡೂ ಲ್ಯಾಟಿನ್ನಿನ ‘ಫಿನಿಸ್’ನಿಂದ ಬಂದವು. ಅಂದರೆ ಕೊನೆ. ಕೊನೆ ಮುಟ್ಟಿದ, ಇನ್ನು ತಿದ್ದುವುದಕ್ಕೆ ಏನೂ ಉಳಿಯದ ಕೆಲಸ ಫೈನ್. ದುಡ್ಡು ಕಟ್ಟಿ ವ್ಯಾಜ್ಯ ಕೊನೆ ಮಾಡಿಕೊಂಡರೆ ಅದೂ ಫೈನ್. ಫೈನಲ್, ಫಿನಿಶ್, ಫೈನಾನ್ಸ್ ಎಲ್ಲ ಇದೇ ಮನೆಯವು.

ಮೂರನೆಯದು, ಅಡುಗೆಮನೆಯ ಫೈನ್. ಪುಡಿ, ದಾರ, ಜರಡಿ, ಮರಳಿನ ಜೊತೆ ಬಂದರೆ ಸಣ್ಣ, ನುಣುಪು, ತೆಳು ಎಂದು ತಿಳಿಯಿರಿ. ಇಂಗ್ಲಿಷ್ ರೆಸಿಪಿಯಲ್ಲಿ ‘ಫೈನ್ ಸೆಮೊಲಿನಾ’ ಅಂತಿದ್ದರೆ ‘ಒಳ್ಳೇ ರವೆ’ ಎಂದು ಉಪ್ಪಿಟ್ಟಿನ ರವೆ ಹಾಕಬೇಡಿ. ಅದು ಸಣ್ಣ ರವೆ, ನಮ್ಮ ಚಿರೋಟಿ ರವೆಯಂಥದ್ದು. ಹಲ್ಲು ಒತ್ತೊತ್ತಾಗಿರುವ ಬಾಚಣಿಗೆಯನ್ನು ಇಂಗ್ಲಿಷಿನಲ್ಲಿ ‘ಫೈನ್ ಟೂತ್ ಕೋಂಬ್’ ಅನ್ನುತ್ತಾರೆ. ನಮ್ಮಜ್ಜಿ ಹೇನು, ಸೀರು ತೆಗೆಯುತ್ತಿದ್ದ ಸೀರಣಿಗೆ ಅದೇ. ಸಾಲದ ಪತ್ರದ ಕೆಳಗಿನ ‘ಫೈನ್ ಪ್ರಿಂಟ್’ ಕೂಡ ಇದೇ ಜಾತಿ. ಇರುವೆಯಂಥ ಅಕ್ಷರ, ಆನೆಯಂಥ ಷರತ್ತು.

ಚಿನ್ನದಂಗಡಿಯಲ್ಲಿ ಮಾತ್ರ ಫೈನ್ ಅಂದರೆ ಶುದ್ಧ, ಬೆರಕೆ ಇಲ್ಲದ್ದು. ಒಡವೆಯಲ್ಲಿ ಅಂಥ ಶುದ್ಧ ಚಿನ್ನ ಎಷ್ಟಿದೆ ಎಂದು ಹೇಳುವುದೇ ಅದರ ಮೇಲಿನ 916 ಎಂಬ ಗುರುತು. 1000 ಪಾಲಿನಲ್ಲಿ 916 ಪಾಲು ಚಿನ್ನ, ಅಂದರೆ 22 ಕ್ಯಾರಟ್.

ಈಗ ನಾವು ಎಡವುವ ಜಾಗ. ‘ಐ ಆಮ್ ವೆರಿ ಫೈನ್.’ ಕನ್ನಡದಲ್ಲಿ ‘ತುಂಬಾ ಚೆನ್ನಾಗಿದ್ದೀನಿ’ ಸರಿ, ಹಾಗಾಗಿ ಬಾಯಿಗೆ ಬಂದುಬಿಡುತ್ತದೆ. ಆದರೆ ಚೆನ್ನಾಗಿದ್ದೇನೆ ಎನ್ನುವ ಫೈನಿಗೆ ‘ವೆರಿ’ ಒಗ್ಗುವುದಿಲ್ಲ. ಒತ್ತು ಬೇಕಿದ್ದರೆ ‘ಅಬ್ಸಲ್ಯೂಟ್ಲಿ ಫೈನ್’ ಅಥವಾ ‘ಪರ್ಫೆಕ್ಟ್ಲಿ ಫೈನ್’ ಅನ್ನಿ. ಪುಡಿಗೆ, ದಾರಕ್ಕೆ ‘ವೆರಿ ಫೈನ್’ ಧಾರಾಳವಾಗಿ ಹೇಳಬಹುದು. ‘ಫೈನರ್’, ‘ಫೈನೆಸ್ಟ್’ ಕೂಡ ಅಷ್ಟೇ. ಪುಡಿಗೆ, ಗುಣಕ್ಕೆ ಆಗುತ್ತದೆ. ‘ಜ್ವರ ಬಿಟ್ಟಿದೆ, ಇವತ್ತು ಫೈನರ್’ ಅಂತ ಹೇಳಲಾಗದು. ಅಲ್ಲಿ ‘ಬೆಟರ್’ ಬೇಕು.

ಕೊನೆಗೆ ದನಿ. ‘ಎ ಫೈನ್ ಫ್ರೆಂಡ್ ಯೂ ಆರ್!’ ಎಂದು ಯಾರಾದರೂ ಅಂದರೆ ಉಬ್ಬಬೇಡಿ. ಕೈಕೊಟ್ಟವನಿಗೆ ನಾವು ‘ಒಳ್ಳೇ ಫ್ರೆಂಡು ಕಣಯ್ಯ ನೀನು!’ ಅನ್ನುವುದಿಲ್ಲವೇ, ಅದೇ ಬೈಗುಳ. ಇನ್ನೂ ಎಚ್ಚರ ಬೇಕಾದದ್ದು ಒಂಟಿ ಫೈನ್. ‘ಇವತ್ತು ಬರೋದು ಲೇಟಾಗುತ್ತೆ’ ಎಂದು ಮನೆಗೆ ಮೆಸೇಜ್ ಹಾಕಿದ್ದೀರಿ. ‘ಫೈನ್’ ಎಂದು ಒಂದೇ ಪದ, ಮುಂದೊಂದು ಚುಕ್ಕಿ, ಉತ್ತರ ಬಂತು. ನಿಘಂಟಿನ ಪ್ರಕಾರ ಒಪ್ಪಿಗೆ ಸಿಕ್ಕಿದೆ. ನಿಘಂಟು ಮುಚ್ಚಿಟ್ಟು ತಕ್ಷಣ ಫೋನ್ ಮಾಡಿ.