56 ದಿನ ಕಾಯಿಸಿ ಕೊಡುವ ಮೆಡಲ್

ನವಾಹೊ ಅನ್ನೋದು ಅಮೆರಿಕದ ಒಂದು ಮೂಲನಿವಾಸಿ ಜನಾಂಗ, ಅವರ ಮಾತಿನ ಹೆಸರೂ ಅದೇ. ಎರಡನೇ ಮಹಾಯುದ್ಧದಲ್ಲಿ ಆ ಮಾತನ್ನೇ ಗುಪ್ತ ಸಂಕೇತ ಮಾಡಿ ಅಮೆರಿಕದ ಸೇನೆಯ ಸಂದೇಶ ಕಳಿಸಿದವರು ನವಾಹೊ ಕೋಡ್ ಟಾಕರ್‌ಗಳು. ಅವರ ಕತೆ ಹೇಳುವಾಗ ನಾನೂ ಮೊದಲು ಕೋಡ್ ಹೇಳಿ ನಿಲ್ಲಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಅಷ್ಟೇ. ಈಗ ಎಂಟನೇ ಕ್ಲಾಸಿಗೆ ಅದನ್ನು ಆಟ ಮಾಡಿ ಆಡಿಸುತ್ತೇನೆ. ಮುಗಿಯೋಕೆ 56 ದಿನ ಬೇಕು.

ಕ್ಲಾಸಿನಲ್ಲಿ ಹೆಚ್ಚಿನವರಿಗೆ ಬಾರದ ಮನೆಮಾತಿನ ಮೂವರನ್ನು ಆರಿಸಿ. ನಮ್ಮದು ದಾವಣಗೆರೆ, ಬೇಕರಿ, ಹೋಟೆಲ್ ನಡೆಸುವವರ ಮನೆಯ ತುಳು ಮಕ್ಕಳು ಸಿಗುತ್ತಾರೆ. ಶಾಲೆಯಲ್ಲಿ ತುಳು ಮಾತಾಡೋಕೆ ನಾಚುತ್ತಾರೆ. ಆಗ ಚೆಸ್ಟರ್ ನೆಜ್ ಬಗ್ಗೆ ಹೇಳಿ. ನವಾಹೊ ಮಾತಾಡಿದ್ದಕ್ಕೆ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವರ ಬಾಯಿಗೆ ಸೋಪು ಹಾಕಿದ್ದರು. 1942ರಲ್ಲಿ ಅದೇ ಮಾತಿಗಾಗಿ ಅಮೆರಿಕದ ಮರೀನ್ ಪಡೆ ಸೇರಿಸಿಕೊಂಡ 29 ಜನರಲ್ಲಿ ಅವರೂ ಒಬ್ಬರು.

ಇನ್ನು ಕೋಡ್. ಅವರಲ್ಲಿ ಎ ಅಂದರೆ ಆ್ಯಂಟ್, ಅದು ನವಾಹೊದಲ್ಲಿ ವೊಲಾಚಿ. ನಮ್ಮಲ್ಲಿ ಇ ಅಂದರೆ ಇರುವೆ, ಅದು ತುಳುವಿನಲ್ಲಿ ಪಿಜಿನ್. ಒಂದೇ ಪದ ಪದೇಪದೇ ಬಂದರೆ ಗುಟ್ಟು ಬಯಲಾಗುತ್ತೆ ಅಲ್ವಾ? ಅದಕ್ಕೇ ಅವರು ಎ ಅಕ್ಷರಕ್ಕೆ ಇರುವೆ, ಸೇಬು (ಆ್ಯಪಲ್), ಕೊಡಲಿ (ಆ್ಯಕ್ಸ್) ಮೂರನ್ನೂ ಇಟ್ಟುಕೊಂಡಿದ್ದರು. ನೀವೂ ಮ ಅಕ್ಷರಕ್ಕೆ ಮಳೆ, ಮನೆ, ಮಗು ಇಡಿ: ಬರ್ಸ, ಇಲ್ಲ್, ಬಾಲೆ. ಯುದ್ಧದ ಸಾಮಾನಿಗೆ ಅವರ ಹಾಗೆ ಅಡ್ಡಹೆಸರಿಡಿ: ಟ್ಯಾಂಕಿಗೆ ಆಮೆ, ಸಬ್‌ಮೆರೀನಿಗೆ ಕಬ್ಬಿಣದ ಮೀನು. ಚೀಟಿ ಕೊಡಬೇಡಿ, ಬಾಯಿಪಾಠ ಮಾಡಿಸಿ. ಇಬ್ಬರು ಸಂದೇಶ ಕಳಿಸಲಿ. ಕೋಡ್ ಕಲಿಸದ ಮೂರನೆಯವಳು ಸೆರೆಯಾಳು. ಜಪಾನಿನವರ ಕೈಗೆ ಸಿಕ್ಕ ಅಮೆರಿಕದ ಸೈನಿಕ ಜೋ ಕಿಯೂಮಿಯಾ ನವಾಹೊ ಆಗಿದ್ದರೂ ಸಂದೇಶದ ತಲೆಬುಡ ತಿಳಿಯಲಿಲ್ಲ. ನಮ್ಮ ಹುಡುಗಿಯೂ "ಮಳೆ, ರಕ್ತ ಅಂತಿದ್ದಾರೆ ಸಾರ್, ಹುಚ್ಚರು" ಅಂದಳು. ಬರ್ಸ, ನೆತ್ತೆರ್: ಅವರು ಕಳಿಸಿದ್ದು 'ಮರ'.

ಮುಖ್ಯವಾದದ್ದು ಇಲ್ಲಿಂದ. ಬೂಟಿನ ಡಬ್ಬಿಯ ರಟ್ಟಿಗೆ ಚಿನ್ನದ ಬೇಗಡೆ ಅಂಟಿಸಿ ಮೆಡಲ್ ಮಾಡಿ, ತೋರಿಸಿ, ಒಳಗಿಟ್ಟುಬಿಡಿ. ವರ್ಷಕ್ಕೊಂದು ದಿನದ ಲೆಕ್ಕ. ಯುದ್ಧ ಮುಗಿದದ್ದು 1945, ಗುಟ್ಟು ಬಿಟ್ಟುಕೊಟ್ಟದ್ದು 1968. ಹಾಗಾಗಿ 23 ದಿನ ಮನೆಯಲ್ಲೂ ಬಾಯಿಬಿಡುವಂತಿಲ್ಲ. ಮಕ್ಕಳು ಒದ್ದಾಡುತ್ತಾರೆ, ಒದ್ದಾಡಲಿ. 24ನೇ ದಿನ ಹೇಳಬಹುದು, ಆದರೆ ಮೆಡಲ್ ಇಲ್ಲ. ದಿನಾ ಕೇಳುತ್ತಾರೆ. ಸುಮ್ನೆ ಕ್ಯಾಲೆಂಡರ್ ತೋರಿಸಿ. 29 ಜನರಿಗೆ ಚಿನ್ನದ ಪದಕ ಕೊಟ್ಟದ್ದು 2001ರ ಜುಲೈನಲ್ಲಿ. ಬದುಕಿದ್ದವರು ಐವರು, ಬಂದವರು ನಾಲ್ವರು.

56ನೇ ದಿನ ಹೆಸರು ಕೂಗಿ ಕೊಡಿ. ಹೋದ ವರ್ಷ ಅಷ್ಟರಲ್ಲಿ ಒಬ್ಬ ಟಿಸಿ ತಗೊಂಡು ಕುಂದಾಪುರಕ್ಕೆ ಹೋಗಿದ್ದ. ಅವನ ಹೆಸರನ್ನೂ ಕೂಗಿದೆ. ಮೆಡಲ್ ನನ್ನ ಡ್ರಾಯರಿನಲ್ಲೇ ಇದೆ.