ಕಾದಂಬರಿಯನ್ನೂ ಚರಿತ್ರೆಯನ್ನೂ ಜೊತೆಗಿಟ್ಟು ಓದಿ ಅನಿಸಿಕೆ ಬರೆಯುವ ಬಗೆ

ಒಂದೇ ಕಾಲವನ್ನು ಕುರಿತ ಕಾದಂಬರಿಯನ್ನೂ ಚರಿತ್ರೆಯನ್ನೂ ಬೆನ್ನುಬೆನ್ನಿಗೆ ಓದಿ ಅನಿಸಿಕೆ ಬರೆಯಲು ಕುಳಿತರೆ, ಯಾವುದನ್ನು ಎಲ್ಲಿ ಓದಿದೆವೆಂಬುದೇ ಕಲಸಿಹೋಗಿರುತ್ತದೆ. ಆದ್ದರಿಂದ ಮೊದಲು ಕಾದಂಬರಿಯನ್ನು ಓದಿ ಮುಗಿಸಿ, ಚರಿತ್ರೆಯ ಪುಸ್ತಕವನ್ನು ತೆರೆಯುವ ಮುನ್ನವೇ ಅದರ ಅನಿಸಿಕೆಯನ್ನು ಬರೆದಿಡಬೇಕು. ನಾನು ಇತ್ತೀಚೆಗೆ, ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ಕಾದಂಬರಿ ‘ಚಿಕವೀರ ರಾಜೇಂದ್ರ’ವನ್ನು (1956) ಓದಿ, ಆಮೇಲೆ ಕೊಡಗಿನ ಇತಿಹಾಸಕ್ಕೆ ಹೋದದ್ದು ಈ ಕ್ರಮದಲ್ಲಿಯೇ.

ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಿಸಿ, ಎಡಭಾಗದಲ್ಲಿ ಕಾದಂಬರಿಯಿಂದ ಮನಸ್ಸಿನಲ್ಲಿ ಉಳಿದದ್ದನ್ನು ಪುಟಸಂಖ್ಯೆಯೊಡನೆ ಬರೆಯಿರಿ. ‘ಚೆನ್ನಾಗಿದೆ’ ಎಂದಷ್ಟೇ ಬರೆದರೆ ತಿಂಗಳು ಕಳೆದ ಮೇಲೆ ಅದರಿಂದ ಏನೂ ನೆನಪಾಗದು. ನನ್ನ ಎಡಭಾಗದಲ್ಲಿ ರಾಣಿ ಗೌರಮ್ಮಾಜಿಯ ಸಂಯಮವೂ, ಅರಸನ ಪರ ನಿಲ್ಲಬೇಕೋ ನಾಡಿನ ಪರವೋ ಎಂಬ ಮಂತ್ರಿ ಬೋಪಣ್ಣನ ತಳಮಳವೂ ಇದ್ದವು. ಅರಸನ ಹೆಸರಿನ ಎದುರಿಗೆ ‘ಕ್ರೂರಿ’ ಎಂಬ ಒಂದೇ ಮಾತಿತ್ತು.

ಬಲಭಾಗ ಚರಿತ್ರೆಗೆ ಮೀಸಲು. ಅಲ್ಲಿ ಘಟನೆ ಮತ್ತು ಇಸವಿಯ ಜೊತೆಗೆ, ಅದನ್ನು ಹೇಳಿದವರು ಯಾರೆಂಬುದನ್ನೂ ತಪ್ಪದೆ ಗುರುತು ಮಾಡಿಕೊಳ್ಳಿ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. 1834ರ ಮೇ ತಿಂಗಳಲ್ಲಿ ಕೊಡಗನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಘೋಷಣೆ, ಅದು ಅಲ್ಲಿನ ಜನರೆಲ್ಲರ ಒಮ್ಮತದ ಇಚ್ಛೆಯೆಂದು ಹೇಳುತ್ತದೆ. ಇದನ್ನು ‘ಜನ ಬಯಸಿದರು’ ಎಂದು ಬರೆದುಕೊಳ್ಳದೆ ‘ಜನ ಬಯಸಿದರೆಂದು ಕಂಪನಿ ಹೇಳಿತು’ ಎಂದೇ ಬರೆದುಕೊಳ್ಳಬೇಕು. ಏಕೆಂದರೆ ಆಗ ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ ಅಮರ ಸುಳ್ಯದಲ್ಲಿ, ಕಂದಾಯವನ್ನು ಹಣದ ರೂಪದಲ್ಲಿಯೇ ಕಟ್ಟಬೇಕಾಗಿ ಬಂದ ರೈತರು, ಮೂರೇ ವರ್ಷದಲ್ಲಿ, 1837ರಲ್ಲಿ, ಅದೇ ಕಂಪನಿಯ ವಿರುದ್ಧ ದಂಗೆಯೆದ್ದರು.

ಎರಡು ಭಾಗಗಳು ಹೊಂದದಿದ್ದಾಗ ಕಾದಂಬರಿಕಾರರು ತಪ್ಪಿದ್ದಾರೆಂದು ಅವಸರದಿಂದ ತೀರ್ಪು ಕೊಡಬಾರದು. ಎಡಭಾಗದ ಮಾತನ್ನು ಅಳಿಸಲೂಬಾರದು; ಅದರ ಕೆಳಗೆ ದಿನಾಂಕ ಹಾಕಿ ಹೊಸ ಮಾತನ್ನು ಸೇರಿಸಬೇಕು. ಪದಚ್ಯುತನಾದ ಅರಸ ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ದಾವೆ ಹೂಡಿ, 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡದ್ದನ್ನು ಓದಿದ ರಾತ್ರಿ, ‘ಕ್ರೂರಿ’ ಎಂಬುದರ ಕೆಳಗೆ ನಾನು ‘ಊರಿಗೆ ಮರಳಲಿಲ್ಲ’ ಎಂದು ಬರೆದೆ. ಅನಿಸಿಕೆಯನ್ನು ಲೇಖನವಾಗಿಸುವಾಗ ಕಥೆಯ ಸಾರಾಂಶದಿಂದ ಹೊರಡದೆ, ಹೀಗೆ ಒಂದರ ಕೆಳಗೊಂದು ಮಾತು ಬಿದ್ದ ಸಾಲಿನಿಂದಲೇ ಶುರುಮಾಡಿ.